ಸೆವಸ್ತಿ ಕ್ಷಮಿಸಿದಳಂತೆ

ಗುದ್ದಲಿ ಹಿಡಿದಿದ್ದವಳು ಸೆವಸ್ತಿಯೇ. ಆ ಮನೆಯಲ್ಲಿ ಅಗೆಯುವ ಕೆಲಸ ಏನಿದ್ದರೂ ಅವಳದು, ಹೊಲವಾದರೂ ಸರಿ, ಹೆತ್ತವ್ವನ ಗೋರಿಯಾದರೂ ಸರಿ. ಅವಳ ತಾಯಿ ಅರ್ಖೊಂತಿ ಸತ್ತು ಮೂರು ವರ್ಷ ತುಂಬಿತ್ತು. ಅಷ್ಟರಲ್ಲಿ ಮಣ್ಣು ತನ್ನ ಕೆಲಸ ಮುಗಿಸಿರಬೇಕು. ಎಲುಬುಗಳನ್ನು ಮೇಲೆತ್ತಿ, ವೈನಿನಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಚರ್ಚಿನ ಹಿಂದಿನ ಎಲುಬಿನ ಕೋಣೆ ಸೇರಿಸಿದರೆ ಸತ್ತವರಿಗೂ ಬಿಡುಗಡೆ, ಇದ್ದವರಿಗೂ ನಿರಾಳ. ಅಕ್ಕ ರಿಗೊಪೂಲ ಹೊಸ ಪೆಟ್ಟಿಗೆ ಮಾಡಿಸಿದ್ದಳು. ಬೇಯಿಸಿದ ಗೋಧಿಗೆ ಸಕ್ಕರೆ, ದಾಳಿಂಬೆ ಬೆರೆಸಿ, ಬಂದವರಿಗೆ ಹಂಚಲು ದೊಡ್ಡ ತಟ್ಟೆಯಲ್ಲಿ ತಂದಿದ್ದಳು.

ಸುತ್ತ ಹೆಂಗಸರು ನಿಂತಿದ್ದರು. ಗಂಡಸರು ನಾಲ್ಕೈದು ಜನ, ಅವರೂ ಹಲ್ಲು ಬಿದ್ದವರು. ಆಗ ನಮ್ಮ ಕಾರ್ಪಥೋಸ್ ದ್ವೀಪದ ದುಡಿಯುವ ಗಂಡಸರೆಲ್ಲ ಪಿರಾಯಸ್ ಬಂದರಿನಲ್ಲೋ ಅಮೆರಿಕದಲ್ಲೋ ಇದ್ದರು. ಗುಡ್ಡದ ಮೇಲಿನ ಈ ಊರಿಗೆ ರಸ್ತೆಯೂ ಬಂದಿರಲಿಲ್ಲ. ಇಲ್ಲಿ ಉಳಿದದ್ದು ಗಾಳಿ, ಮೇಕೆ, ಹೆಂಗಸರು ಮತ್ತು ಪಾದ್ರಿ ಮಿನಾಸ್.

ಮೊಣಕಾಲು ಆಳ ಅಗೆದ ಮೇಲೆ ಗುದ್ದಲಿ ಮೆತ್ತಗಿನ ಏನಕ್ಕೋ ತಾಗಿತು. ಸೆವಸ್ತಿ ಗುದ್ದಲಿ ಬಿಟ್ಟು, ಕುಕ್ಕರಗಾಲಿನಲ್ಲಿ ಕೂತು ಕೈಯಿಂದ ಮಣ್ಣು ಸರಿಸಿದಳು. ಕಪ್ಪು ಬಟ್ಟೆಯ ಕೆಳಗೆ ತಾಯಿಯ ಕೈ ಇನ್ನೂ ಕೈಯಾಗಿಯೇ ಇತ್ತು. ಚರ್ಮ, ಉಗುರು, ಎಲ್ಲವೂ ಇದ್ದವು. ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಪಾದ್ರಿ ತಮ್ಮ ಹೆಗಲ ವಸ್ತ್ರವನ್ನೇ ತೆಗೆದು ಅದರ ಮೇಲೆ ಮುಚ್ಚಿದರು.

ಕರಗದ ಹೆಣ ಎಂದರೆ ಏನು ಅನ್ನುವುದು ನಮ್ಮೂರಿನ ಕೂಸಿಗೂ ಗೊತ್ತು. ಸತ್ತವರ ಮೇಲೆ ಯಾರದೋ ಸಿಟ್ಟು ಇನ್ನೂ ಆರಿಲ್ಲ, ಯಾರೋ ಕ್ಷಮಿಸಿಲ್ಲ, ಅದಕ್ಕೇ ಮಣ್ಣು ಬಿಟ್ಟುಕೊಡುತ್ತಿಲ್ಲ. ರಿಗೊಪೂಲ ಎದೆ ಬಡಿದುಕೊಂಡು ಅತ್ತಳು. ಅಳು ಸ್ವಲ್ಪ ತಗ್ಗಿದ ಮೇಲೆ ಒಬ್ಬೊಬ್ಬರ ಕಣ್ಣೂ ಮೆಲ್ಲಗೆ ಸೆವಸ್ತಿಯ ಕಡೆ ತಿರುಗಿತು.

ಸೆವಸ್ತಿ ಎರಡನೆಯ ಮಗಳು. ನಮ್ಮೂರಿನಲ್ಲಿ ಇಷ್ಟು ಹೇಳಿದರೆ ಸಾಕು, ಉಳಿದದ್ದನ್ನು ಕೇಳುವವರೇ ಊಹಿಸಿಕೊಳ್ಳುತ್ತಾರೆ. ತಾಯಿಗೆ ಅವಳ ತಾಯಿಯಿಂದ ಬಂದ ಮನೆ, ಹೊಲ, ಆಲಿವ್ ಮರ, ಕೊರಳಿನ ಚಿನ್ನದ ನಾಣ್ಯಗಳ ಸರ, ಎಲ್ಲ ಹಿರಿಮಗಳಿಗೆ. ಅಜ್ಜಿಯ ಹೆಸರೂ ಅವಳಿಗೇ. ಕಲ್ಲುಗುಡ್ಡದ ಮೇಲಿನ ಚೂರುಪಾರು ಹೊಲವನ್ನು ಹಂಚಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ ಎನ್ನುವುದು ಹಿರಿಯರ ವಾದ. ವಾದವೇನೋ ಸರಿಯೇ. ಆದರೆ ಹಂಚದೆ ಇಟ್ಟ ಹೊಲವನ್ನು ಅಗೆಯಲು, ಬಿತ್ತಲು, ಕೊಯ್ಯಲು ಕೈ ಬೇಕಲ್ಲ. ಹಿರಿಯಳು ಹಬ್ಬದ ಕುಣಿತದಲ್ಲಿ ಚಿನ್ನ ಹಾಕಿಕೊಂಡು ಮುಂದೆ ನಿಲ್ಲುತ್ತಾಳೆ. ಎರಡನೆಯವಳು ಮದುವೆಯಿಲ್ಲದೆ, ಅಕ್ಕನ ಮನೆಯ ಉಗ್ರಾಣದಲ್ಲಿ ಮಲಗಿ, ಅಕ್ಕನ ಹೊಲದಲ್ಲಿ ಗೇಯುತ್ತಾಳೆ. ಇದನ್ನು ಅನ್ಯಾಯ ಎಂದು ಕರೆಯಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ, ನಮ್ಮನ್ನೂ ಸೇರಿಸಿ.

ಸೆವಸ್ತಿಗೆ ಇಪ್ಪತ್ತೆರಡು ವರ್ಷವಿದ್ದಾಗ ಬೂಟು ಹೊಲಿಯುವ ಕೊಸ್ಮಾಸ್ ಅವಳನ್ನು ಕೇಳಿಕೊಂಡು ಬಂದಿದ್ದ. ಏನೂ ಬೇಡ, ಉಟ್ಟ ಬಟ್ಟೆಯಲ್ಲೇ ಕಳಿಸಿಕೊಡಿ ಎಂದಿದ್ದ. ಅರ್ಖೊಂತಿ ಆಗ ಬೀದಿಯ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿನ ಕೈಯನ್ನೂ ತೊಳೆಯದೆ ಒಂದೇ ಮಾತು ಹೇಳಿ ಅವನನ್ನು ಕಳಿಸಿದಳು.

"ಇವಳು ಹೋದ್ರೆ ಅವ್ಲೋನದ ಹೊಲದ ಬಾರ್ಲಿ ಯಾರು ಕೊಯ್ತಾರಪ್ಪಾ?"

ಮಗಳ ಮನಸ್ಸಿನಲ್ಲಿ ಏನಿದೆ ಎಂದು ಅವಳು ಕೇಳಲಿಲ್ಲ. ಸೆವಸ್ತಿ ಅಲ್ಲೇ ಸೌದೆ ಹಿಡಿದು ನಿಂತಿದ್ದಳು. ಕೊಸ್ಮಾಸ್ ರೋಡ್ಸ್ ದ್ವೀಪಕ್ಕೆ ಹೋಗಿ ಅಲ್ಲೇ ಮದುವೆಯಾದ. ಆ ವರ್ಷವೂ ಅವ್ಲೋನದ ಬಾರ್ಲಿಯನ್ನು ಸೆವಸ್ತಿಯೇ ಕೊಯ್ದಳು, ಮುಂದಿನ ಇಪ್ಪತ್ತನಾಲ್ಕು ವರ್ಷವೂ ಅವಳೇ ಕೊಯ್ದಳು. ಅವಳು ಕೂಗಾಡಲಿಲ್ಲ, ಶಾಪ ಹಾಕಲಿಲ್ಲ. ಸಿಟ್ಟನ್ನು ಒಳಗೆ ಇಟ್ಟುಕೊಂಡಳು, ಅಷ್ಟೇ. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ.

ತಾಯಿ ಹಾಸಿಗೆ ಹಿಡಿದಾಗ ಅವಳ ಹೇಲುಚ್ಚೆ ಬಳಿದವಳೂ ಸೆವಸ್ತಿ. ಕೊನೆಗಾಲದಲ್ಲಾದರೂ ಒಂದು ಮಾತು ಬರುತ್ತದೆ ಎಂದು ಕಾದಳು. ತಪ್ಪಾಯ್ತು ಅನ್ನುವುದು ಬೇಡ, ನಿನಗೂ ಕಷ್ಟವಾಯ್ತೇನೋ ಎಂದಿದ್ದರೂ ಸಾಕಿತ್ತು. ಅರ್ಖೊಂತಿ ಅವಳ ಜೊತೆ ಆಡಿದ ಕೊನೆಯ ಮಾತು, ಬಿತ್ತನೆ ಬೀಜಕ್ಕೆ ಹುಳ ಬಿದ್ದಿದೆಯೇನೋ ನೋಡು, ಅಕ್ಕನಿಗೆ ಅದೆಲ್ಲ ತಿಳಿಯುವುದಿಲ್ಲ ಎಂಬುದಾಗಿತ್ತು.

ಗೋರಿಯನ್ನು ಹಾಗೇ ಅರ್ಧ ತೆರೆದಿಟ್ಟು ಪಾದ್ರಿ ಮಿನಾಸ್ ಊರಿನವರನ್ನು ಕೇಳಿಕೊಂಡರು. ಅರ್ಖೊಂತಿಯ ಮೇಲೆ ಯಾರಿಗೆ ಏನೇ ಮನಸ್ತಾಪವಿದ್ದರೂ ಇಲ್ಲೇ ಹೊಟ್ಟೆಗೆ ಹಾಕಿಕೊಂಡು, ಒಂದು ಹಿಡಿ ಮಣ್ಣು ಹಾಕಿ, ದೇವರು ಅವಳನ್ನು ಮನ್ನಿಸಲಿ, ನಾನೂ ಮನ್ನಿಸಿದ್ದೇನೆ ಎನ್ನಬೇಕು. ಹಾಗೆ ಹೇಳಿದ ಮೇಲೆ ಮತ್ತೆ ಮುಚ್ಚಿ ಇನ್ನು ಮೂರು ವರ್ಷ ಬಿಟ್ಟು ನೋಡುವುದು ಪದ್ಧತಿ. ಜನ ಸಾಲಾಗಿ ಬಂದರು. ಪಕ್ಕದ ಮನೆಯವಳು ಇಪ್ಪತ್ತು ವರ್ಷದ ಹಿಂದೆ ಕಾಣೆಯಾದ ಒಂದು ಕೋಳಿಯನ್ನು ಕ್ಷಮಿಸಿದಳು, ಕೋಳಿಯ ಬಣ್ಣ ಕೂಡ ಹೇಳಿದಳು. ಗಾಳಿಗಿರಣಿಯ ಮುದುಕ, ಅರ್ಖೊಂತಿ ತನ್ನನ್ನು ಒಮ್ಮೆ ಕಳ್ಳ ಅಂದಿದ್ದಳೆಂದೂ ಅದು ಆ ದಿನದ ಮಟ್ಟಿಗೆ ನಿಜವೇ ಆಗಿತ್ತೆಂದೂ ಒಪ್ಪಿಕೊಂಡು ಮಣ್ಣು ಹಾಕಿದ. ಅಷ್ಟು ದುಃಖದಲ್ಲೂ ಒಂದಿಬ್ಬರು ನಕ್ಕರು.

ಎಲ್ಲರದೂ ಮುಗಿದ ಮೇಲೆ ಸೆವಸ್ತಿ ಉಳಿದಳು. ರಿಗೊಪೂಲ ಅವಳ ಎರಡೂ ಕೈ ಹಿಡಿದುಕೊಂಡಳು. ಆ ಅಕ್ಕ ಈ ತಂಗಿಯ ಕೈ ಹಿಡಿದದ್ದನ್ನು ಊರು ಅದೇ ಮೊದಲು ನೋಡಿತು.

"ಬೇಡ್ಕೋತೀನಿ ಕಣೇ ಸೆವಸ್ತಿ. ಅವ್ವ ಹಿಂಗೆ ಬಿದ್ದಿರೋದನ್ನ ನೋಡೋಕಾಗಲ್ಲ. ನಿನ್ನ ಬಾಯಿಂದ ಒಂದ್ಮಾತು ಬರ್ಲಿ."

"ನನ್ನ ಮಾತಿಗೆ ಅಷ್ಟು ಬೆಲೆ ಯಾವತ್ತಿಂದ ಬಂತಕ್ಕಾ?" ಎಂದಳು ಸೆವಸ್ತಿ.

ರಿಗೊಪೂಲ ತಲೆ ತಗ್ಗಿಸಿದಳು. ಸೆವಸ್ತಿಗೆ ಆ ತಗ್ಗಿದ ತಲೆ ನೋಡಿ ಹೆದರಿಕೆಯಾಯಿತು, ಖುಷಿಯೂ ಆಯಿತು. ತೆರೆದ ಗೋರಿಯತ್ತ ನೋಡಲಾಗಲಿಲ್ಲ. ಊರೆಲ್ಲ ಕಾಯುತ್ತಿತ್ತು. ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು, ದೇವರು ಮನ್ನಿಸಲಿ, ನಾನೂ ಮನ್ನಿಸಿದ್ದೇನೆ ಎಂದಳು. ಹೇಳುವಾಗಲೇ ಅದು ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಮಾತು ಬಾಯಿಯಿಂದ ಬಂತು, ಎದೆಯೊಳಗೆ ಒಂದು ಕಡ್ಡಿಯೂ ಅಲುಗಲಿಲ್ಲ.

ಆ ಮೂರು ವರ್ಷ ಸೆವಸ್ತಿಯ ಬಾಳಿನಲ್ಲೇ ವಿಚಿತ್ರವಾದ ಮೂರು ವರ್ಷ. ರಿಗೊಪೂಲ ಅವಳನ್ನು ಉಗ್ರಾಣದಿಂದ ಎಬ್ಬಿಸಿ ಒಳಮನೆಯ ಮರದ ಜಗಲಿಯ ಮೇಲೆ ಹಾಸಿಗೆ ಹಾಸಿಕೊಟ್ಟಳು. ಮನೆಯಲ್ಲಿ ಹಿಟ್ಟು ಹೊಸೆದು ಮಾಡಿದ ಮಕರೂನೆ ಶಾವಿಗೆ ಬೇಯಿಸಿ, ಕೆಂಪಗೆ ಹುರಿದ ಈರುಳ್ಳಿ ಸುರಿದು, ಮೊದಲ ತಟ್ಟೆಯನ್ನು ತಂಗಿಯ ಮುಂದೆ ಇಡತೊಡಗಿದಳು. ಬೀದಿಯಲ್ಲಿ ಹೆಂಗಸರು ಅವಳಿಗೆ ದಾರಿ ಬಿಟ್ಟರು. ಎಲ್ಲರಿಗೂ ಒಳಗೊಳಗೇ ಅನುಮಾನ, ಇವಳ ಬಾಯಿ ಕ್ಷಮಿಸಿದೆ, ಎದೆ ಕ್ಷಮಿಸಿದೆಯೋ ಇಲ್ಲವೋ ಎಂದು. ಆ ಅನುಮಾನ ಸೆವಸ್ತಿಗೆ ಎಂದೂ ಸಿಗದ ಮರ್ಯಾದೆ ತಂದುಕೊಟ್ಟಿತ್ತು.

ಅವಳು ಪ್ರಯತ್ನ ಮಾಡಲಿಲ್ಲ ಎಂದಲ್ಲ. ಮೊದಲ ವರ್ಷ ಪ್ರತಿ ಸಂಜೆ ಗೋರಿಯ ದೀಪಕ್ಕೆ ಎಣ್ಣೆ ಹಾಕುವಾಗ, ಬಿಟ್ಟುಬಿಡು, ಬಿಟ್ಟುಬಿಡು ಎಂದು ತನಗೆ ತಾನೇ ಹೇಳಿಕೊಂಡಳು. ತಾಯಿ ತನ್ನ ತಲೆ ಬಾಚಿದ್ದು ನೆನಪು ಮಾಡಿಕೊಂಡಳು. ಬಾಚಿದ್ದೂ ನಿಜ, ಎರಡು ನಿಮಿಷದಲ್ಲಿ ಮುಗಿಸಿ ಅಕ್ಕನ ಜಡೆಗೆ ಹೋದದ್ದೂ ನಿಜ. ಯಾವ ನೆನಪನ್ನು ಎತ್ತಿದರೂ ಅದರ ತುದಿಗೆ ಬಾರ್ಲಿಯ ಮಾತು ಬಂದು ನಿಲ್ಲುತ್ತಿತ್ತು. ಅಳುತ್ತಾ ಮನೆಗೆ ಬರುತ್ತಿದ್ದಳು. ತನ್ನಿಂದಾಗಿ ಹೆತ್ತವಳು ಮಣ್ಣಿನಲ್ಲಿ ಅತ್ತ ಹೋಗದೆ ಇತ್ತ ಬರದೆ ಬಿದ್ದಿದ್ದಾಳೆ ಅನ್ನಿಸಿ ಊಟ ಸೇರುತ್ತಿರಲಿಲ್ಲ.

ಎರಡನೆಯ ವರ್ಷ ಥೆಮೆಲಿನಾಳ ವಿಷಯ ಬಂತು. ಥೆಮೆಲಿನಾ ರಿಗೊಪೂಲಳ ಎರಡನೆಯ ಮಗಳು, ಆಗ ಹದಿನೇಳು ವರ್ಷ. ಹಿರಿಮಗಳಿಗೆ ಮದುವೆಯಾಗಿ, ಅಜ್ಜಿಯ ಹೆಸರಿನ ಜೊತೆ ಚಿನ್ನದ ಸರವೂ ಅವಳ ಕೊರಳು ಸೇರಿತ್ತು. ಥೆಮೆಲಿನಾ ಚಿಕ್ಕಮ್ಮನ ಜೊತೆ ಗುದ್ದಲಿ ಹಿಡಿಯುತ್ತಿದ್ದಳು. ಅಂಗೈ ಆಗಲೇ ಒರಟಾಗಿತ್ತು. ಕೆಳಗೆ ದಿಯಾಫಾನಿ ಬಂದರಿನಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುವ ಪ್ರೊಕೋಪಿಸ್ ಅವಳನ್ನು ಕೇಳಿ ಕಳಿಸಿದ. ಅವನಿಗೂ ಹೊಲ ಬೇಡ, ಚಿನ್ನ ಬೇಡ. ಆದರೆ ತಾಯಿಯೇ ಕೈ ಹಿಡಿದು ಕೊಡದ ಹುಡುಗಿಯನ್ನು ಅವನ ಮನೆಯವರು ಹೊಸ್ತಿಲು ದಾಟಿಸುವವರಲ್ಲ.

ಹಿಂದಿನ ಕಾಲವಾಗಿದ್ದರೆ ರಿಗೊಪೂಲ ಒಂದೇ ಮಾತಿನಲ್ಲಿ ಅವನನ್ನು ಅಟ್ಟುತ್ತಿದ್ದಳು. ಈಗ ಅವಳಿಗೆ ಧೈರ್ಯ ಸಾಲಲಿಲ್ಲ. ತಾಯಿ ಮಾಡಿದ್ದು ತಪ್ಪಾಗಿದ್ದು, ಅದಕ್ಕೇ ಕರಗದೆ ಬಿದ್ದಿದ್ದರೆ, ಅದೇ ತಪ್ಪನ್ನು ತಾನೂ ಮಾಡಿದಂತಾಗುತ್ತದಲ್ಲ. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವ್ವನ ಗೋರಿ ತೆಗೆದ ಮೇಲೆ ನೋಡೋಣ, ಮಣ್ಣು ಏನು ಹೇಳುತ್ತದೋ ಹಾಗೆ ಮಾಡೋಣ ಎಂದು ಹೇಳಿ ಕಳಿಸಿದಳು. ಈ ಸಲವೂ ಕರಗದೆ ಇದ್ದರೆ ಹುಡುಗಿಯನ್ನು ಬಿಟ್ಟುಕೊಡುತ್ತೇನೆ ಎಂದು ಪಾದ್ರಿಯ ಮುಂದೆ ಬಾಯಿಬಿಟ್ಟು ಹೇಳಿದಳು.

ಮಾರನೆಯ ದಿನ ಅವ್ಲೋನದ ಹೊಲದಲ್ಲಿ ಕಳೆ ಕೀಳುತ್ತಿದ್ದಾಗ ಥೆಮೆಲಿನಾ ಚಿಕ್ಕಮ್ಮನ ಹತ್ತಿರ ಸರಿದು ಕೂತಳು.

"ಚಿಕ್ಕವ್ವಾ, ಒಂದ್ಮಾತು ಕೇಳ್ತೀನಿ, ಬೈಬೇಡ. ಅಜ್ಜೀನ ನೀನು ನಿಜವಾಗ್ಲೂ ಕ್ಷಮಿಸಿದ್ದೀಯಾ?"

ಸೆವಸ್ತಿ ಆ ಗುಟ್ಟನ್ನು ಪಾದ್ರಿಗೂ ಹೇಳಿರಲಿಲ್ಲ. ಹುಡುಗಿಯ ಮುಖ ನೋಡಿದಳು. ಸುಳ್ಳು ಹೇಳಲಾಗಲಿಲ್ಲ.

"ಇಲ್ಲ ಕಣವ್ವ. ಒಂದು ದಿನಾನೂ ಇಲ್ಲ."

ಥೆಮೆಲಿನಾ ಹಾಗೇ ಅವಳ ತೊಡೆಯ ಮೇಲೆ ತಲೆಯಿಟ್ಟಳು. ಹಾಗಾದರೆ ಅಜ್ಜಿ ಕರಗುವುದಿಲ್ಲ ಎಂದು ಅವಳಿಗೆ ಖುಷಿ. ಸೆವಸ್ತಿ ಅವಳ ಬೆನ್ನು ಸವರಿದಳು. ನನ್ನ ಜೀವ ಇರುವವರೆಗೆ ಮಣ್ಣು ಅವಳನ್ನು ಬಿಡುವುದಿಲ್ಲ, ನೀನು ಬಂದರಿಗೆ ಹೋಗುತ್ತೀಯ ಎಂದು ಮಾತು ಕೊಟ್ಟಳು. ಹುಡುಗಿ ಅಂದಿನಿಂದ ಹಾಡು ಗುನುಗುತ್ತಾ ಕೆಲಸ ಮಾಡಿದಳು.

ಅಲ್ಲಿಂದ ಮುಂದೆ ಸೆವಸ್ತಿ ಕ್ಷಮಿಸುವ ಪ್ರಯತ್ನ ಬಿಟ್ಟಳು. ಬಿಟ್ಟದ್ದಷ್ಟೇ ಅಲ್ಲ, ಸಿಟ್ಟು ಎಲ್ಲಿ ಆರಿಹೋಗುತ್ತದೋ ಎಂದು ಹೆದರಿ ಅದಕ್ಕೆ ದಿನಾ ಉರಿ ಹಾಕಿದಳು. ಸಂಜೆ ದೀಪ ಹಚ್ಚಿ, ಗೋರಿಯ ಮುಂದೆ ಕೂತು, ಒಂದೊಂದೇ ನೆನಪನ್ನು ಎತ್ತಿ ಆಡುತ್ತಿದ್ದಳು. ಹಬ್ಬದ ದಿನ ಮೇಕೆ ಕಾಯಲು ಕಳಿಸಿದ್ದು. ಜ್ವರದಲ್ಲಿ ನೀರು ಹೊರಿಸಿದ್ದು. ಅಕ್ಕನ ಹಳೆಯ ಬೂಟು, ಅಕ್ಕನ ಹಳೆಯ ಲಂಗ, ಅಕ್ಕನ ಮಕ್ಕಳ ಮೈಲಿಗೆ ಬಟ್ಟೆ. ಬರುವವರು ಹೋಗುವವರು, ಪಾಪ, ತಾಯಿಗಾಗಿ ಎಷ್ಟು ಪ್ರಾರ್ಥನೆ ಮಾಡುತ್ತಾಳೆ ನೋಡಿ ಎನ್ನುತ್ತಿದ್ದರು. ಅವಳು ಕರಗಬೇಡ ಅವ್ವ ಎಂದು ಬೇಡಿಕೊಳ್ಳುತ್ತಿದ್ದಳು. ಹೆತ್ತವಳ ಆತ್ಮಕ್ಕೆ ಹೀಗೆ ಕೇಡು ಬಯಸಿದವಳಿಗೆ ಯಾವ ನರಕವೋ ಎಂದು ಅವಳಿಗೂ ಅನ್ನಿಸುತ್ತಿತ್ತು. ಆ ನರಕಕ್ಕೆ ತಾನೇ ಹೋದರಾಯಿತು, ಹುಡುಗಿ ಉಗ್ರಾಣಕ್ಕೆ ಬೀಳದಿದ್ದರೆ ಸಾಕು ಎಂದು ಗಟ್ಟಿ ಮಾಡಿಕೊಂಡಳು.

ಮೂರನೆಯ ವರ್ಷದ ಅಕ್ಟೋಬರ್, ಬಿತ್ತನೆಗೆ ಮುಂಚೆ, ಮತ್ತೆ ಗೋರಿ ತೆರೆದರು. ಅಂದು ಬೆಳಿಗ್ಗೆ ಪ್ರೊಕೋಪಿಸ್ ಬಂದರಿನಿಂದ ಹತ್ತಿ ಬಂದು ಚರ್ಚಿನ ಗೋಡೆಯ ಹತ್ತಿರ ನಿಂತಿದ್ದ. ಥೆಮೆಲಿನಾ ಅವನ ಕಡೆ ನೋಡದಿರುವ ಹಾಗೆ ನೋಡುತ್ತಿದ್ದಳು. ಸೆವಸ್ತಿ ಗುದ್ದಲಿ ಹಿಡಿದಳು. ಒಂದೇ ಸಮನೆ ಅಗೆಯತೊಡಗಿದಳು. ಅವಳಿಗೆ ತನ್ನ ಸಿಟ್ಟಿನ ಮೇಲೆ ಅಷ್ಟು ನಂಬಿಕೆ.

ಮಣ್ಣು ಸಡಿಲವಾಗಿತ್ತು. ಗುದ್ದಲಿಯ ತುದಿಗೆ ಮೊದಲು ಬಂದದ್ದು ಒಂದು ಕಾಲಿನ ಎಲುಬು. ಜೇನುಮೇಣದ ಬಣ್ಣ, ಒಂದು ಎಳೆ ಮಾಂಸವಿಲ್ಲ. ಆಮೇಲೆ ಪಕ್ಕೆಲುಬು, ಬೆರಳ ಎಲುಬು, ಒಂದೊಂದೂ ಅಷ್ಟೇ ಚೊಕ್ಕ. ನಮ್ಮಲ್ಲಿ ಹಳದಿ ಎಲುಬು ಎಂದರೆ ಪುಣ್ಯವಂತರ ಎಲುಬು. ಹೆಂಗಸರ ಬಾಯಿಂದ ಸ್ತೋತ್ರ ಹೊರಟಿತು. ಯಾರೋ ಚರ್ಚಿನ ಗಂಟೆ ಬಾರಿಸಿದರು.

ಸೆವಸ್ತಿ ಗುಂಡಿಯೊಳಗೇ ಕೂತುಬಿಟ್ಟಳು. ಪಾದ್ರಿ ಮಿನಾಸ್ ತಲೆಬುರುಡೆಯನ್ನು ಎತ್ತಿ, ಎಲ್ಲರಿಗಿಂತ ಮೊದಲು ಅವಳ ಕೈಗೇ ಕೊಟ್ಟರು. ಇದನ್ನು ತೊಳೆಯುವ ಹಕ್ಕು ನಿನ್ನದೇ ತಾಯಿ ಎಂದರು. ವೈನಿನ ಬೋಗುಣಿ ಬಂತು. ಅವಳು ಬುರುಡೆಯನ್ನು ಹಿಡಿದುಕೊಂಡಿದ್ದಳು, ತೊಳೆಯಲು ಕೈ ಏಳಲಿಲ್ಲ. ಅದು ತುಂಬಾ ಹಗುರವಾಗಿತ್ತು.

ರಿಗೊಪೂಲ ಅಳುತ್ತಲೇ ನಗುತ್ತಿದ್ದಳು. ನೆರೆದವರ ಕಡೆ ತಿರುಗಿ, ನೋಡಿ, ನಮ್ಮವ್ವ ಯಾರಿಗೂ ಅನ್ಯಾಯ ಮಾಡಿದವಳಲ್ಲ, ಮನೆ ಉಳಿಯಲಿ ಎಂದು ಮಾಡಿದಳು, ಮಣ್ಣೇ ಸಾಕ್ಷಿ ಹೇಳಿದೆ ಎಂದಳು. ಆಮೇಲೆ ಗೋಡೆಯ ಹತ್ತಿರ ನಿಂತಿದ್ದ ಪ್ರೊಕೋಪಿಸ್‌ಗೆ, ಬಂದದ್ದಕ್ಕೆ ಸಂತೋಷವೆಂದೂ, ಗೋಧಿ ತಿಂದುಕೊಂಡು ಹೋಗಬೇಕೆಂದೂ, ಹುಡುಗಿಯ ವಿಷಯ ಇನ್ನು ಎತ್ತಬಾರದೆಂದೂ ಮರ್ಯಾದೆಯಿಂದಲೇ ಹೇಳಿದಳು. ಥೆಮೆಲಿನಾ ನಿಂತಲ್ಲೇ ನಿಂತಿದ್ದಳು.

ಆಗ ಸೆವಸ್ತಿ ಗುಂಡಿಯಿಂದ ಎದ್ದಳು. ಐವತ್ತು ಮುಟ್ಟಲು ಬಂದಿದ್ದ ಆ ಹೆಂಗಸು ಊರಿನ ಮುಂದೆ ಗಂಟಲೆತ್ತಿ ಮಾತಾಡಿದ್ದು ಅದೇ ಮೊದಲು.

"ನಾನು ಕ್ಷಮಿಸಿಲ್ಲ. ಅವತ್ತು ಹೇಳಿದ್ದು ಸುಳ್ಳು. ಎರಡು ವರ್ಷ ಇಲ್ಲೇ ಕೂತು ಅವಳನ್ನ ಬೈದಿದ್ದೀನಿ. ಕರಗಬಾರದು ಅಂತ ದೇವರನ್ನ ಕೇಳ್ಕೊಂಡಿದ್ದೀನಿ. ಅವಳು ನಂಗೆ ಮಾಡಿದ್ದು ಅನ್ಯಾಯ."

ಗಾಳಿಗಿರಣಿಯ ಮುದುಕ ತಲೆಯಾಡಿಸಿ ನಕ್ಕ. ಕೋಳಿ ಕಳೆದುಕೊಂಡವಳು ತಲೆಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡಳು. ಪಾದ್ರಿ ಮಿನಾಸ್ ಹತ್ತಿರ ಬಂದು ಅವಳ ತಲೆಯ ಮೇಲೆ ಕೈಯಿಟ್ಟರು.

"ನಿನ್ನ ಎದೇಲಿ ಏನಿದೆ ಅಂತ ನಿನಗೇ ಗೊತ್ತಿಲ್ಲ ತಾಯಿ. ಕ್ಷಮಿಸದೇ ಇದ್ದಿದ್ರೆ ಎಲುಬು ಹೀಗೆ ಬರ್ತಿತ್ತಾ?"

"ಬಂದಿದೆಯಲ್ಲ ಸ್ವಾಮಿ. ನಾನು ಕ್ಷಮಿಸಿಲ್ಲ, ಆದ್ರೂ ಬಂದಿದೆ."

ಅದಕ್ಕೆ ಪಾದ್ರಿ ಬರೀ ಮುಗುಳ್ನಕ್ಕರು. ತಾಯಿಯ ಎಲುಬು ಕಂಡ ದುಃಖದಲ್ಲಿ ಬುದ್ಧಿ ಒಂದಿಷ್ಟು ಕದಡಿದೆ, ಕೂರಿಸಿ ನೀರು ಕೊಡಿ ಎಂದು ಹೆಂಗಸರಿಗೆ ಹೇಳಿದರು. ರಿಗೊಪೂಲ ತಂಗಿಯನ್ನು ತಬ್ಬಿಕೊಂಡು ಕೆನ್ನೆಗೆ ಮುತ್ತಿಟ್ಟಳು. ನೀನು ಒಳ್ಳೆಯವಳು ಕಣೇ, ನಿನಗೇ ಗೊತ್ತಿಲ್ಲದಷ್ಟು ಒಳ್ಳೆಯವಳು ಎಂದಳು. ಅವಳು ಮನಸ್ಸಿನಿಂದಲೇ ಹಾಗೆ ಹೇಳಿದಳು, ಅದರಲ್ಲಿ ಕಪಟವಿರಲಿಲ್ಲ. ಕಪಟವಿದ್ದಿದ್ದರೆ ಸೆವಸ್ತಿಗೆ ಜಗಳವಾಡಲಾದರೂ ಆಗುತ್ತಿತ್ತು. ಎಲುಬು ಒಂದು ಹೇಳುತ್ತಿತ್ತು, ಅವಳು ಒಂದು ಹೇಳುತ್ತಿದ್ದಳು, ಊರು ಎಲುಬನ್ನು ನಂಬಿತು. ಇಪ್ಪತ್ತೈದು ವರ್ಷಕ್ಕೂ ಮೀರಿ ಅವಳು ಸಾಕಿಕೊಂಡ ಸಿಟ್ಟಿಗೆ ಒಂದು ಬೆರಳಿನ ಚರ್ಮವನ್ನು ಹಿಡಿದಿಡುವಷ್ಟೂ ಶಕ್ತಿ ಇರಲಿಲ್ಲ. ಅದು ಇತ್ತು ಎನ್ನುವುದಕ್ಕೂ ಈಗ ಸಾಕ್ಷಿಯಿಲ್ಲ. ಆ ಜನರ ನಡುವೆ ನಿಂತು ಅವಳಿಗೆ ಸತ್ತುಹೋಗಬೇಕು ಅನ್ನಿಸಿತು.

ಎಲುಬುಗಳನ್ನು ತೊಳೆದು ಪೆಟ್ಟಿಗೆಗೆ ತುಂಬಿದರು. ಜನ ಗೋಧಿ ತಿಂದು, ಒಂದೊಂದು ಲೋಟ ವೈನು ಕುಡಿದು ಚದುರಿದರು. ಪ್ರೊಕೋಪಿಸ್ ಏನನ್ನೂ ಮುಟ್ಟದೆ ಬಂದರಿನ ಕಾಲುದಾರಿ ಹಿಡಿದಿದ್ದ. ಸೋಮವಾರದಿಂದ ಬಿತ್ತನೆ, ನೀವಿಬ್ಬರೂ ಬೆಳಕು ಹರಿಯುವ ಮುಂಚೆ ಹೊರಡಬೇಕು ಎಂದು ರಿಗೊಪೂಲ ಮಗಳಿಗೂ ತಂಗಿಗೂ ಸೇರಿಸಿ ಹೇಳಿ, ತಟ್ಟೆ ಎತ್ತಿಕೊಂಡು ಮನೆಗೆ ಹೋದಳು.

ಗುಂಡಿ ಮುಚ್ಚುವುದು ಬಾಕಿ ಇತ್ತು. ಸೆವಸ್ತಿ ಮಣ್ಣು ಎಳೆಯತೊಡಗಿದಳು. ಥೆಮೆಲಿನಾ ಇನ್ನೊಂದು ಗುದ್ದಲಿ ತಂದು ಎದುರು ನಿಂತು ಎಳೆದಳು. ಊರಿಗೆಲ್ಲ ಬೇಡವಾದ ನಿಜ ಈ ಒಬ್ಬಳಿಗಾದರೂ ಗೊತ್ತಿದೆಯಲ್ಲ, ಅಷ್ಟು ಸಾಕು ಎಂದು ಸೆವಸ್ತಿ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಹುಡುಗಿ ಅಳುತ್ತಿರಬಹುದು ಎಂದು ತಲೆಯೆತ್ತಿ ನೋಡಿದಳು. ಥೆಮೆಲಿನಾ ಅಳುತ್ತಿರಲಿಲ್ಲ.

"ನೀನು ಯಾವಾಗ್ಲೋ ಕ್ಷಮಿಸಿಬಿಟ್ಟಿದ್ದೆ ಚಿಕ್ಕವ್ವ," ಎಂದಳು. "ನಂಗೆ ಸುಳ್ಳು ಹೇಳಿದೆ."

ಹಾಗೆಂದು ಅವಳು ಗುದ್ದಲಿಯ ಬೆನ್ನಿನಿಂದ ಮಣ್ಣನ್ನು ತಟ್ಟಿ ಸಮ ಮಾಡಿದಳು, ಅಚ್ಚುಕಟ್ಟಾಗಿ, ಸೆವಸ್ತಿಯೇ ಅವಳಿಗೆ ಕಲಿಸಿದ ಹಾಗೆ.